ಸುಳ್ಳಿನ ದೇಹಲಕ್ಷಣ: ಮಿತಾಕ್ಷರದಿಂದ ಸೆಲ್ವಿ ಪ್ರಕರಣದವರೆಗೆ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯ ಹಿಂದೆ ಒಂದು ಸಿದ್ಧಾಂತವಿದೆ: ಬಾಯಿ ಬಚ್ಚಿಟ್ಟಿದ್ದನ್ನು ಮೈ ಹೇಳಿಬಿಡುತ್ತದೆ. ಹಾಗೆ ಮೈ ಹೇಳಿದ್ದು ಸಾಕ್ಷ್ಯವಾದೀತೆ? ಈ ಪ್ರಶ್ನೆಯ ಚರಿತ್ರೆಯಲ್ಲಿ ಕನ್ನಡ ನೆಲದ ಪಾಲು ಸಣ್ಣದಲ್ಲ.

ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ವಿಷವಿಕ್ಕಿದವನ ಲಕ್ಷಣಗಳನ್ನು ಪಟ್ಟಿಮಾಡುತ್ತದೆ: ಒಣಗಿದ ಬಾಯಿ, ತಡವರಿಸುವ ಮಾತು, ಬೆವರು, ಆಕಳಿಕೆ, ನಡುಕ, ಅತ್ತಿತ್ತ ಹೊರಳುವ ನೋಟ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯವು ನಿಂತಲ್ಲಿ ನಿಲ್ಲದವನನ್ನು, ಕಟಬಾಯಿ ನೆಕ್ಕುವವನನ್ನು, ಮುಖದ ಬಣ್ಣಗೆಟ್ಟವನನ್ನು ಶಂಕಿಸಬೇಕೆನ್ನುತ್ತದೆ.

ಈ ಸ್ಮೃತಿಗೆ 'ಮಿತಾಕ್ಷರ' ವ್ಯಾಖ್ಯಾನ ಬರೆದವನು ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ವಿಜ್ಞಾನೇಶ್ವರ. ಈ ಲಕ್ಷಣಗಳಿಂದ ದೋಷದ ಸಂಭಾವನೆ ಮಾತ್ರ ತಿಳಿಯುತ್ತದೆ, ನಿಶ್ಚಯವಲ್ಲ ಎಂಬುದು ಅವನ ನಿಲುವು. ಹುಟ್ಟುಗುಣದಿಂದ ಬಂದ ವಿಕಾರ ಯಾವುದು, ಸಂದರ್ಭದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಬಲು ಜಾಣನೊಬ್ಬ ಬೇರ್ಪಡಿಸಿದರೂ ಅಷ್ಟಕ್ಕೇ ಕಕ್ಷಿಗಾರನನ್ನು ಸೋತವನೆನ್ನಲಾಗದು. ಸಾವಿನ ಚಿಹ್ನೆ ಕಂಡಿತೆಂದು ಯಾರೂ ಬದುಕಿರುವವನ ಉತ್ತರಕ್ರಿಯೆ ಮಾಡುವುದಿಲ್ಲ ಎಂದು ಅವನು ವಾದಿಸುತ್ತಾನೆ.

ಪಶ್ಚಿಮದಲ್ಲಿ ಇದೇ ನಂಬಿಕೆ ಯಂತ್ರದ ರೂಪ ತಳೆಯಿತು. ವಿಲಿಯಂ ಮಾರ್ಸ್ಟನ್ 1915ರ ಸುಮಾರಿಗೆ ಹಾರ್ವರ್ಡ್‌ನಲ್ಲಿ ರಕ್ತದೊತ್ತಡದ ಏರಿಳಿತದಿಂದ ಸುಳ್ಳನ್ನು ಅಳೆಯಹೊರಟ. 1921ರಲ್ಲಿ ಬರ್ಕ್ಲಿ ಪೊಲೀಸ್ ಇಲಾಖೆಯ ಜಾನ್ ಲಾರ್ಸನ್ ಅದಕ್ಕೆ ಉಸಿರಾಟದ ದಾಖಲೆಯನ್ನೂ ಸೇರಿಸಿದ; ಪಾಲಿಗ್ರಾಫ್ ಎಂಬುದು ಈ ಯಂತ್ರವೇ. 1923ರ ಫ್ರೈ ಪ್ರಕರಣದಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಮಾರ್ಸ್ಟನ್ನನ ಪರೀಕ್ಷೆಯನ್ನು ಒಪ್ಪಲಿಲ್ಲ.

ಮುಂದಿನ ಮನೋವಿಜ್ಞಾನವೂ ಯಂತ್ರದ ನೆರವಿಗೆ ಬರಲಿಲ್ಲ. ಸಿಕ್ಕಿಬೀಳುವ ಭಯಕ್ಕೂ ತನ್ನನ್ನು ಯಾರೂ ನಂಬಲಾರರೆಂಬ ಭಯಕ್ಕೂ ಮೈ ಒಂದೇ ಬಗೆಯಲ್ಲಿ ಬೆವರುತ್ತದೆ. ನಿರಪರಾಧಿಯ ಕಳವಳವನ್ನು ಅಪರಾಧವೆಂದು ಓದುವ ಈ ತಪ್ಪನ್ನು ಪಾಲ್ ಎಕ್‌ಮನ್ 'ಒಥೆಲೊ ದೋಷ' ಎಂದು ಕರೆದ. ಬಾಂಡ್ ಮತ್ತು ಡಿಪಾಲೊ 2006ರಲ್ಲಿ ಯಂತ್ರದ ನೆರವಿಲ್ಲದೆ 24,000ಕ್ಕೂ ಹೆಚ್ಚು ಜನರು ಮಾಡಿದ ತೀರ್ಮಾನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಳ್ಳು-ನಿಜಗಳನ್ನು ಸರಿಯಾಗಿ ಗುರುತಿಸಿದ ಪ್ರಮಾಣ ಸರಾಸರಿ ಶೇ. 54 ಮಾತ್ರ. ನಾಣ್ಯ ಚಿಮ್ಮಿದರೂ ಶೇ. 50 ಸಿಗುತ್ತದೆ.

ಇತ್ತ ಭಾರತದಲ್ಲಿ, 2010ರ ಮೇ 5ರಂದು ಸುಪ್ರೀಂ ಕೋರ್ಟು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ, ಪಾಲಿಗ್ರಾಫ್ ಹಾಗೂ ಬ್ರೈನ್ ಮ್ಯಾಪಿಂಗ್ ಸಂವಿಧಾನದ 20(3) ಮತ್ತು 21ನೇ ವಿಧಿಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ಒಪ್ಪಿ ಮಾಡಿಸಿಕೊಂಡ ಪರೀಕ್ಷೆಯ ಫಲಿತಾಂಶವೂ ತಾನೇ ಸಾಕ್ಷ್ಯವಾಗದು.

ತೀರ್ಪಿನ ನೆಲೆ ವ್ಯಕ್ತಿಯ ಹಕ್ಕು. ವಿಜ್ಞಾನೇಶ್ವರನದು ಪ್ರಮಾಣದ ತರ್ಕ. ದಾರಿ ಬೇರೆಯಾದರೂ ತನಿಖೆಗಾರನಿಗೆ ಎರಡೂ ಹಾಕುವ ಗೆರೆ ಒಂದೇ: ಮೈಯ ಲಕ್ಷಣ ಶಂಕೆಗೆ ಕಾರಣವಾಗಬಹುದು, ಶಿಕ್ಷೆಗೆ ಆಧಾರವಾಗಬಾರದು. ಅಪರಾಧಶಾಸ್ತ್ರದ ನಮ್ಮ ಪಠ್ಯಗಳು ಪಾಲಿಗ್ರಾಫ್‌ನ ಚರಿತ್ರೆಯನ್ನು ಲಾರ್ಸನ್ನನಿಂದಲ್ಲ, ಮಿತಾಕ್ಷರದಿಂದ ಆರಂಭಿಸುವುದು ಯುಕ್ತ.