ಕೈಗೆ ಹಗುರಾದ ಚಕ್ರ

ಕಳೆದ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದಾಗ, ಖಂಬಾಟಕಿ ಘಾಟಿನ ತಿರುವೊಂದರಲ್ಲಿ ನಮ್ಮ ಹಳೆಯ ಕಾರಿನ ಸ್ಟೀರಿಂಗ್ ಇದ್ದಕ್ಕಿದ್ದಂತೆ ಕಲ್ಲಿನಷ್ಟು ಭಾರವಾಯಿತು. ಬಾನೆಟ್ಟಿನ ಒಳಗಿನಿಂದ ನರಳಿಕೆಯಂಥ ಸದ್ದು. ಹಿಂದೆ ಬರುತ್ತಿದ್ದ ಲಾರಿಗಳ ಹಾರ್ನ್ ಕೇಳುತ್ತ, ಎರಡೂ ಕೈಗಳಿಂದ ಚಕ್ರವನ್ನು ಎಳೆದು ತಿರುಗಿಸುತ್ತ ಹೇಗೋ ಘಟ್ಟವೇರಿ ಬದಿಗೆ ನಿಂತೆವು. ಪವರ್ ಸ್ಟೀರಿಂಗ್ ಆಯಿಲ್ಲಿನ ಪುಟ್ಟ ಡಬ್ಬಿ ಬರಿದಾಗಿತ್ತು. ಹಿಂದಿನ ಎರಡು ಸರ್ವಿಸಿನಲ್ಲೂ ಗ್ಯಾರೇಜಿನವರು ಎಣ್ಣೆ ಕಡಿಮೆಯಾಗಿದೆಯೆಂದು ತುಂಬಿ ಕಳುಹಿಸಿದ್ದರು. ಕಡಿಮೆಯಾದದ್ದು ಎಲ್ಲಿ ಹೋಯಿತೆಂದು ಅವರೂ ನೋಡಲಿಲ್ಲ, ನಾವೂ ಕೇಳಲಿಲ್ಲ.

ಧಾರವಾಡ ತಲುಪಿ ಈ ಕಥೆ ಹೇಳಿದಾಗ ಸೋದರಮಾವ ನಕ್ಕುಬಿಟ್ಟರು. "ಅಷ್ಟಕ್ಕ ಹೆದರಿದ್ರೇನು? ನಾವು ವರ್ಷಾನುಗಟ್ಟಲೆ ಹಂಗ ಹೊಡದೀವಿ" ಎಂದರು. ಅವರು ಸಾರಿಗೆ ಬಸ್ಸಿನ ಚಾಲಕರಾಗಿದ್ದವರು. ತುಂಬಿದ ಬಸ್ಸನ್ನು ನಿಲ್ದಾಣದಲ್ಲಿ ತಿರುಗಿಸುವಾಗ ಅವರು ಆಸನದಿಂದ ಅರ್ಧ ಎದ್ದು, ಮೈಯ ಭಾರವನ್ನೆಲ್ಲ ಚಕ್ರದ ಮೇಲೆ ಹಾಕುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಸಾಹಸವೆಂದೇ ನೋಡಿದ್ದೆವು. ಈಗ ಅವರ ಬಲಗೈ ಭುಜಕ್ಕಿಂತ ಮೇಲೇಳುವುದಿಲ್ಲ. ಪವರ್ ಸ್ಟೀರಿಂಗ್ ಇದ್ದ ಬಸ್ಸು ಅವರಿಗೆ ಸಿಕ್ಕಿದ್ದು ನಿವೃತ್ತಿಯ ಹತ್ತಿರ. "ಇದನ್ನ ಕಂಡಹಿಡದಾಂವ ಇಷ್ಟ ತಡಾ ಯಾಕ ಮಾಡಿದಾ?" ಎಂದು ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಕಂಡುಹಿಡಿದವನು ತಡಮಾಡಿರಲಿಲ್ಲ. ಆತ ಫ್ರಾನ್ಸಿಸ್ ಡೇವಿಸ್. ಅಮೆರಿಕದ ಪಿಯರ್ಸ್-ಆರೋ ಕಂಪನಿಯಲ್ಲಿ ಲಾರಿಗಳ ವಿಭಾಗದ ಎಂಜಿನಿಯರ್. ಭಾರದ ಲಾರಿಯನ್ನು ತಿರುಗಿಸಲು ಚಾಲಕನು ಪಡುವ ಪಾಡನ್ನು ಬಲ್ಲವನು. 1920ರ ದಶಕದ ಆರಂಭದಲ್ಲಿ ಕೆಲಸ ಬಿಟ್ಟು, ಮ್ಯಾಸಚೂಸೆಟ್ಸ್‌ನ ವಾಲ್ಥಮ್ ಊರಿನಲ್ಲಿ ಸಣ್ಣ ಕಾರ್ಯಾಗಾರ ಹಿಡಿದು, ಈ ಒಂದೇ ಸಮಸ್ಯೆಯ ಬೆನ್ನುಹತ್ತಿದ.

ಎಣ್ಣೆಯ ಒತ್ತಡದಿಂದ ಭಾರ ಎತ್ತುವ ಯಂತ್ರಗಳು ಆಗಲೇ ಇದ್ದವು. ಆದರೆ ಒತ್ತಡವನ್ನು ಸದಾ ಹಿಡಿದಿಟ್ಟರೆ ಕೀಲುಗಳಲ್ಲಿ ಎಣ್ಣೆ ಸೋರುತ್ತಿತ್ತು. ಡೇವಿಸ್ ಈ ಕ್ರಮವನ್ನು ತಿರುವುಮುರುವು ಮಾಡಿದ. ಅವನ ಸಾಧನದಲ್ಲಿ ಕವಾಟ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಪಂಪು ತಳ್ಳಿದ ಎಣ್ಣೆ ಸುಮ್ಮನೆ ಸುತ್ತಿ ಡಬ್ಬಿಗೆ ಮರಳುತ್ತದೆ. ಚಾಲಕನು ಚಕ್ರ ತಿರುಗಿಸಿದಾಗ ಮಾತ್ರ ಕವಾಟ ಒಂದು ಕಡೆ ಮುಚ್ಚಿ, ಆ ಕ್ಷಣಕ್ಕಷ್ಟೇ ಒತ್ತಡ ಹುಟ್ಟಿ, ಅವನ ತೋಳಿಗೆ ನೆರವಾಗುತ್ತದೆ. ಎಣ್ಣೆ ಕೈಕೊಟ್ಟರೂ ಚಕ್ರಕ್ಕೂ ಗಾಲಿಗೂ ನಡುವಿನ ಲೋಹದ ಜೋಡಣೆ ಉಳಿದೇ ಇರುತ್ತದೆ. ಘಾಟಿನಲ್ಲಿ ನಮ್ಮನ್ನು ಕಾಪಾಡಿದ್ದು ಅದೇ.

1926ರಲ್ಲಿ ಡೇವಿಸ್ ತನ್ನ ಸಾಧನವನ್ನು ಕಾರೊಂದಕ್ಕೆ ಅಳವಡಿಸಿ ಡೆಟ್ರಾಯಿಟ್ಟಿಗೆ ಒಯ್ದು ತೋರಿಸಿದ. ಜನರಲ್ ಮೋಟಾರ್ಸ್ ಒಪ್ಪಂದ ಮಾಡಿಕೊಂಡಿತು. ಆದರೆ ಆರ್ಥಿಕ ಕುಸಿತದ ದಿನಗಳಲ್ಲಿ ತಯಾರಿಕೆಯ ಖರ್ಚು ಹೆಚ್ಚೆಂದು 1934ರಲ್ಲಿ ಕೈಬಿಟ್ಟಿತು. ಚಾಲಕನ ಭುಜದ ನೋವು ಆ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ, ಉಕ್ಕಿನ ಕವಚ ಹೊತ್ತ ಸೇನಾ ವಾಹನಗಳನ್ನು ತೋಳ್ಬಲದಿಂದ ತಿರುಗಿಸುವುದು ಕಷ್ಟವೆಂದು ಅದೇ ಸಾಧನವನ್ನು ಹುಡುಕಿಕೊಂಡು ಬಂದರು. ಶಾಂತಿಕಾಲದಲ್ಲಿ ಅದು ಮೊದಲು ಮಾರಾಟಕ್ಕೆ ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಎಂಬ ಸಿರಿವಂತರ ಕಾರಿನಲ್ಲಿ. ಆ ಹೊತ್ತಿಗೆ ಡೇವಿಸ್‌ನ ಆರಂಭದ ಪೇಟೆಂಟುಗಳ ಅವಧಿ ಮುಗಿದಿತ್ತು. ಕ್ರೈಸ್ಲರ್ ಬಳಸಿಕೊಂಡದ್ದು ಅವನ್ನೇ. ಅದನ್ನು ಕಂಡ ಮೇಲೆ ಜನರಲ್ ಮೋಟಾರ್ಸ್ ಮತ್ತೆ ಡೇವಿಸ್‌ನ ವಿನ್ಯಾಸಗಳತ್ತ ತಿರುಗಿತು.

ಲಾರಿ ಚಾಲಕನ ಕಷ್ಟದಿಂದ ಹುಟ್ಟಿದ ವಸ್ತು ಹೀಗೆ ಯುದ್ಧಭೂಮಿಯನ್ನೂ ಶ್ರೀಮಂತರ ಅಂಗಳವನ್ನೂ ಸುತ್ತಿ, ದಶಕಗಳ ನಂತರ ನಮ್ಮ ಊರಿನ ಬಸ್ ನಿಲ್ದಾಣಕ್ಕೆ ಬಂತು. ಮಾವನ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ ಇಷ್ಟೇ.

ಆ ಎಣ್ಣೆಗೂ ಒಂದು ಚರಿತ್ರೆಯಿದೆ. ಹಲವು ಕಾರುಗಳ ಸ್ಟೀರಿಂಗಿಗೆ ಹಾಕುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆಂದು ತಯಾರಾದ ಎಣ್ಣೆಯನ್ನೇ. ಸೋರಿದರೆ ಎಂಜಿನ್ ಆಯಿಲ್ ಅಲ್ಲವೆಂದು ಗುರುತು ಸಿಗಲಿ ಎಂದು ಅದಕ್ಕೆ ಕೆಂಪು ಬಣ್ಣ. 1970ರ ದಶಕದ ಆರಂಭದವರೆಗೂ ಅದರಲ್ಲಿ ಸ್ಪರ್ಮ್ ತಿಮಿಂಗಿಲದ ತೈಲ ಬೆರೆಯುತ್ತಿತ್ತು. 1970ರಲ್ಲಿ ಅಮೆರಿಕ ಆ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ ಮೇಲೆ ರಸಾಯನಶಾಸ್ತ್ರಜ್ಞರು ಬದಲಿಯನ್ನು ಹುಡುಕಬೇಕಾಯಿತು. ಒಬ್ಬರ ಕೈ ಹಗುರಾಗಲು ಇನ್ನೊಂದು ಜೀವ ಬೆಲೆ ತೆತ್ತಿತ್ತು. 1988ರಲ್ಲಿ ಸುಜುಕಿಯ ಸರ್ವೋ ಕಾರು ವಿದ್ಯುತ್ ಮೋಟಾರಿನ ಸ್ಟೀರಿಂಗ್ ತಂದಿತು. ಇಂದಿನ ಹೊಸ ಕಾರುಗಳಲ್ಲಿ ಬಹುಪಾಲು ಅದೇ. ಅವುಗಳಿಗೆ ಈ ಎಣ್ಣೆಯ ಹಂಗಿಲ್ಲ.

ಹಳೆಯ ಕಾರುಳ್ಳವರಿಗೆ ಆ ಹಂಗು ತಪ್ಪಿದ್ದಲ್ಲ. ಮರುದಿನ ಬೆಳಿಗ್ಗೆ ಮಾವ ನಮ್ಮಿಂದ ಪರೀಕ್ಷೆ ಮಾಡಿಸಿದರು. ಕಾರು ಸಮತಟ್ಟಾದ ನೆಲದಲ್ಲಿರಬೇಕು. ಎಂಜಿನ್ ಬಿಸಿಯಾದ ಮೇಲೆ ಚಕ್ರವನ್ನು ಎರಡೂ ಕಡೆಗೆ ಕೆಲವು ಸಲ ಪೂರ್ತಿ ತಿರುಗಿಸಿ, ಎಂಜಿನ್ ಆರಿಸಬೇಕು. ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿಯೇ ಅದನ್ನು ತೆರೆಯಬೇಕು. ಬಿಸಿ ಮತ್ತು ತಣ್ಣನೆಯ ಸ್ಥಿತಿಗೆ ಬೇರೆ ಬೇರೆ ಗುರುತುಗಳಿದ್ದರೆ ಸರಿಯಾದುದನ್ನೇ ನೋಡಬೇಕು. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬದಲಿಸುವ ಕಾಲ ಬಂದಿದೆ. ನೊರೆಯಿದ್ದರೆ ಒಳಗೆ ಗಾಳಿ ಸೇರಿದೆ. ಕಾರಿನ ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳು ಹಾಳಾಗುತ್ತವೆ. ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಹಾಗೆಯೇ ಹಿಡಿದು ನಿಂತರೆ ಎಣ್ಣೆ ಕುದಿಯುವಂತೆ ಕಾಯುತ್ತದೆ, ಪಂಪು ಸವೆಯುತ್ತದೆ.

"ಇದು ಪೆಟ್ರೋಲಿನ ಹಂಗ ಉರದು ಹೋಗೂದಲ್ಲ. ಕಡಿಮಿ ಆತಂದ್ರ ಎಲ್ಲೋ ಸೋರಾಕತ್ತೈತಿ ಅಂತನ ಅರ್ಥ. ತುಂಬಿಸಿ ಸುಮ್ಮನಾಗಬ್ಯಾಡ್ರಿ" ಎಂದರು ಮಾವ. ದಾರಿಯ ಮೆಕ್ಯಾನಿಕ್ ಬದಲಿಸಿ ಕೊಟ್ಟಿದ್ದ ಹೋಸ್ ಪೈಪಿನ ಕೀಲನ್ನು ಎಡಗೈ ಬೆರಳಿನಿಂದ ಸವರಿ, ಬೆರಳು ಒಣಗಿದೆಯೆಂದು ನಮಗೆ ತೋರಿಸಿದರು. ಆಮೇಲೆ ಆಸನದಲ್ಲಿ ಕುಳಿತು, ಎಂಜಿನ್ ಚಾಲೂ ಮಾಡಿ, ಅದೇ ಎಡಗೈಯಿಂದ ಚಕ್ರವನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸಿದರು. ಬಲಗೈ ತೊಡೆಯ ಮೇಲೆಯೇ ಇತ್ತು.