ಕವಿರತ್ನ ರನ್ನನೂ ಅವನ ಗುರುಪೋಷಕರೂ

ಕನ್ನಡದ ರತ್ನತ್ರಯರಲ್ಲೊಬ್ಬನೆಂದು ಕೀರ್ತಿವೆತ್ತ ರನ್ನನು ಅರಸುಮನೆತನದವನೂ ಅಲ್ಲ, ಪಂಡಿತರ ವಂಶದವನೂ ಅಲ್ಲ, ಬಳೆಗಾರ ಕುಲದವನು. ಬಾಗಲಕೋಟೆ ಜಿಲ್ಲೆಯ ಮುಧೋಳವೇ ಅಂದಿನ ಮುದುವೊಳಲು. ಅಲ್ಲಿ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಕ್ರಿ.ಶ. 949ರಲ್ಲಿ ಅವನು ಜನಿಸಿದನು. ಕವಿಚಕ್ರವರ್ತಿಯಾದ ಮೇಲೂ ಈ ಸಂಗತಿಯನ್ನು ಮರೆಮಾಚದೆ ತನ್ನ ಕಾವ್ಯದಲ್ಲಿಯೇ ಹೇಳಿಕೊಂಡನೆಂಬುದು ವ್ಯಾಪಾರವೃತ್ತಿಯ ಶ್ರಾವಕರು ವಿಶೇಷವಾಗಿ ಗಮನಿಸತಕ್ಕ ಮಾತು.

ಬಳೆಯ ಮಲಾರವನ್ನು ಹೊರಬೇಕಾದ ಹುಡುಗನಿಗೆ ವಿದ್ಯೆಯ ಹಂಬಲ ಹತ್ತಿತು. ಅವನು ಗಂಗರ ಆಶ್ರಯವನ್ನು ಅರಸಿ ಹೊರಟನು. ಅಲ್ಲಿ ದೊರೆತ ಗುರುಗಳು ಪೂಜ್ಯ ಅಜಿತಸೇನಾಚಾರ್ಯರು. ಗಂಗ ದೊರೆ ಮಾರಸಿಂಹನು ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಸಲ್ಲೇಖನವನ್ನು ಕೈಗೊಂಡದ್ದು ಈ ಆಚಾರ್ಯರ ಸನ್ನಿಧಿಯಲ್ಲಿಯೇ. ಅರಸನಿಗೆ ಅಂತ್ಯಕಾಲದ ಆಸರೆಯಾದವರು ಬಳೆಗಾರನ ಮಗನಿಗೂ ಗುರುಗಳಾದರು. ವಿಂಧ್ಯಗಿರಿಯಲ್ಲಿ ಬಾಹುಬಲಿಸ್ವಾಮಿಯ ಬಿಂಬವನ್ನು ಕಡೆಯಿಸಿದ ಚಾವುಂಡರಾಯನೂ ಅವರ ಶಿಷ್ಯನೇ. ವಯಸ್ಸಿನಲ್ಲೂ ಪದವಿಯಲ್ಲೂ ಹಿರಿಯನಾದ ಆ ಮಂತ್ರಿಯು ರನ್ನನಿಗೆ ಪೋಷಕನಾದನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂಬ ಹೆಸರು ಕೊರೆದಿದೆ. ಅದು ರನ್ನನದೇ ಎಂದು ವಿದ್ವಾಂಸರ ಅಭಿಪ್ರಾಯ.

ಮುಂದೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆಂಬ ಬಿರುದು ದೊರೆಯಿತು. ಆ ವೈಭವವನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಆ ಕಾಲದಲ್ಲಿ ಅವನಿಗೆ ದೊರೆತ ಇನ್ನೊಂದು ಆಸರೆ ದಾನಚಿಂತಾಮಣಿ ಅತ್ತಿಮಬ್ಬೆ. ಪತಿ ನಾಗದೇವನನ್ನು ಕಳೆದುಕೊಂಡ ಈ ಸಾಧ್ವಿಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಓಲೆಗರಿ, ಎಷ್ಟು ಲಿಪಿಕಾರರು, ಎಷ್ಟು ದ್ರವ್ಯ ಬೇಕಾಗಿದ್ದೀತೆಂಬುದನ್ನು ಲೆಕ್ಕ ಬಲ್ಲವರೇ ಊಹಿಸಬೇಕು. ಆಕೆಯ ಪ್ರೇರಣೆಯಿಂದಲೇ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಎರಡನೆಯ ತೀರ್ಥಂಕರರ ಚರಿತ್ರೆಯಾದ ಆ ಗ್ರಂಥದಲ್ಲಿ ಅತ್ತಿಮಬ್ಬೆಯ ಗುಣಗಳನ್ನು ಅವನು ಮನದಣಿಯೆ ಹೊಗಳಿದ್ದಾನೆ.

ಆದರೆ ಪೋಷಕರನ್ನು ಹೊಗಳುವುದು ಆಸ್ಥಾನಕವಿಗಳ ರೂಢಿಯೇ ಆಗಿತ್ತು. ರನ್ನನ ಕೃತಜ್ಞತೆಯು ಅಷ್ಟಕ್ಕೇ ನಿಲ್ಲಲಿಲ್ಲ. ಅವನು ರಚಿಸಿದ ಪರಶುರಾಮಚರಿತವು ಇಂದು ದೊರೆಯುವುದಿಲ್ಲ. ಸಮರಪರಶುರಾಮನೆಂಬ ಬಿರುದನ್ನು ಹೊಂದಿದ್ದ ಚಾವುಂಡರಾಯನ ಕುರಿತೇ ಅದನ್ನು ಬರೆದಿರಬೇಕೆಂದು ಊಹಿಸಲಾಗಿದೆ. ಆ ಕಾವ್ಯವು ಕಾಲಗರ್ಭವನ್ನು ಸೇರಿದರೂ ಕವಿಯ ಮಕ್ಕಳ ಹೆಸರುಗಳು ಉಳಿದು ಬಂದಿವೆ. ರನ್ನನ ಮಗನ ಹೆಸರು ರಾಯ. ಮಗಳ ಹೆಸರು ಅತ್ತಿಮಬ್ಬೆ.