ಅಜ್ಜಿಯ ಮೂಜಿ, ಹಳಗನ್ನಡದ ಮೂಱು

ಬಂಟ್ವಾಳದ ಶಾಲೆಯಲ್ಲಿ ನಾವು ಬಾಯಿತಪ್ಪಿ ತುಳುವಿನಲ್ಲಿ ಲೆಕ್ಕ ಹೇಳಿದರೆ ಬೈಗುಳ ಗ್ಯಾರಂಟಿ. "ಮೂರು ಅನ್ನಲಿಕ್ಕೆ ಬರೂದಿಲ್ವಾ? ಮೂಜಿ ಅಂತೆ! ಕನ್ನಡವನ್ನು ಕೆಡಿಸಿದ್ದೇ ನಿಮ್ಮ ತುಳು" ಅಂತಿದ್ದರು ಮಾಸ್ಟ್ರು. ರಜೆಯಲ್ಲಿ ಬೆಳ್ತಂಗಡಿಯ ಅಜ್ಜಿಮನೆಗೆ ಹೋದರೆ, ಅಜ್ಜಿ ಸಂಜೆ ಕೋಳಿಗಳನ್ನು ಗೂಡಿಗೆ ಹಾಕುತ್ತಾ "ಮೂಜಿ, ನಾಲ್, ಐನ್, ಆಜಿ" ಎಂದು ಎಣಿಸುತ್ತಿದ್ದರು. ನಾನು ದೊಡ್ಡ ಜನದ ಹಾಗೆ ತಿದ್ದುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು.

ತಪ್ಪು ನನ್ನದೇ ಎಂದು ತಿಳಿದದ್ದು ಹಳಗನ್ನಡ ಓದುವಾಗ. ಆಗ ಕನ್ನಡಕ್ಕೆ ಎರಡು ರಕಾರಗಳಿದ್ದವು. ಬೇರು, ನೀರು ಸಾದಾ ರಕಾರದವು. ಮೂಱು, ಆಱು, ನೂಱು, ಬೇಱೆ ಇನ್ನೊಂದು ರಕಾರದವು. ಹಾಗೆಯೇ ಳ ಮತ್ತು ೞ: ಬೆಳ್ಳಿಯಲ್ಲಿ ಒಂದು, ಕೋೞಿಯಲ್ಲಿ ಇನ್ನೊಂದು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞ ಬರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಕಿವಿಗೆ ವ್ಯತ್ಯಾಸ ಚೆನ್ನಾಗಿ ಕೇಳುತ್ತಿದ್ದರೆ ಪಟ್ಟಿ ಯಾಕೆ? ಆ ಹೊತ್ತಿಗೇ ಅದು ಜನರ ಬಾಯಿಂದ ಜಾರುತ್ತಿತ್ತು. ಮೂಡುಬಿದಿರೆಯಲ್ಲಿ 1430ರಲ್ಲಿ ಸಾವಿರ ಕಂಬದ ಬಸದಿ ಎದ್ದಾಗ ಕನ್ನಡದ ಆಡುಮಾತಿನಲ್ಲಿ ೞ ಉಳಿದಿರಲಿಲ್ಲ.

ಈಗ ಅಜ್ಜಿಯ ಮಾತು ಕೇಳಿ. ನೀರು, ಬೇರು ತುಳುವಿನಲ್ಲೂ ನೀರ್, ಬೇರ್. ಮೂಡುಬಿದಿರೆಯ ಬಿದಿರಿನ ರಕಾರವೂ ಸಾದಾ. ಬಸ್ಸಿನವರು ಕೂಗುವ 'ಬೆದ್ರ'ದಲ್ಲಿ ಅದು ಹಾಗೇ ಇದೆ. ಆದರೆ ಮೂಱು, ಆಱು ಮಾತ್ರ ಮೂಜಿ, ಆಜಿ, ನೂಱು ನೂದು, ಬೇಱೆ ಬೇತೆ. ಬೆಳ್ಳಿ ಬೊಳ್ಳಿಯಾದರೆ ಕೋೞಿ ಕೋರಿ, ಬಾೞೆ ಬಾರೆ. ಎಲ್ಲ ಪದಗಳೂ ಹೀಗಲ್ಲ. ಏೞು ತುಳುವಿನಲ್ಲೂ ಏಳ್. ತುಳು ಆ ಹಳೆಯ ಉಚ್ಚಾರವನ್ನೇ ಉಳಿಸಿಕೊಂಡಿಲ್ಲ, ನಿಜ. ಆದರೆ ನಮ್ಮ ಹಾಗೆ ಎರಡು ರಕಾರಗಳನ್ನು ಕಲಸಿ ಒಂದು ಮಾಡಲೂ ಇಲ್ಲ.

ಇಂಥ ಕಥೆ ನಮ್ಮಲ್ಲಿ ಮಾತ್ರ ಅಲ್ಲ. ಪೋಲಿಷ್ ಭಾಷೆಯಲ್ಲಿ ಸಮುದ್ರಕ್ಕೂ 'ಇರಬಹುದು' ಎಂಬುದಕ್ಕೂ ಉಚ್ಚಾರ ಒಂದೇ, 'ಮೊಝೆ'. ಕಾಗುಣಿತ ಮಾತ್ರ ಬೇರೆ ಬೇರೆ. ಅಲ್ಲಿನ ಮಕ್ಕಳು ಅದನ್ನು ಉರು ಹೊಡೆಯಬೇಕು. ಪಕ್ಕದ ಚೆಕ್ ಭಾಷೆಯಲ್ಲಿ ಸಮುದ್ರದ ಆ ಅಕ್ಷರಕ್ಕೆ ರ ಮತ್ತು ಝ ಕೂಡಿದಂಥ ಪ್ರತ್ಯೇಕ ಉಚ್ಚಾರ ಇವತ್ತಿಗೂ ಇದೆ. ಪೋಲಿಷರು ಕಳೆದದ್ದನ್ನು ಬರವಣಿಗೆಯಲ್ಲಾದರೂ ಇಟ್ಟುಕೊಂಡರು. ನಾವು ಅದನ್ನೂ ಬಿಟ್ಟೆವು.

ಕಿಟ್ಟೆಲ್ ಶಬ್ದಮಣಿದರ್ಪಣವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು 1872ರಲ್ಲಿ; ಮ್ಯಾನರ್‌ನ ತುಳು ನಿಘಂಟು ಬಂದದ್ದು 1886ರಲ್ಲಿ, ಅದೇ ಊರಿನಿಂದ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಸಾಕಿತ್ತು, 'ಕೆಡಿಸಿದ ಕನ್ನಡ' ಅನ್ನುವ ಮಾತು ಯಾರ ಬಾಯಿಂದಲೂ ಬರುತ್ತಿರಲಿಲ್ಲ.

ಅಜ್ಜಿ ಈಗಿಲ್ಲ. ಮೊಮ್ಮಗಳು ಮೊನ್ನೆ "ಮೂಜಿ" ಅಂದಳು. ತಿದ್ದಲಿಲ್ಲ.